ನಾನು ಮೂರು ಸಲ ಮುಳುಗಿಸಿದ ಗಫೂರ್ ಮಾಸ್ತರರು

...ಕೆಂಪು ಎಂದೇ ಅನ್ನಿಸುತ್ತದೆ. ಆದರೆ ಆ ಕೆಂಪು ನಾನು ಕಣ್ಣಾರೆ ಕಂಡದ್ದೋ, ಆಮೇಲೆ ಬರೆದದ್ದೋ, ಈಗ ಖಾತ್ರಿಯಾಗಿ ಹೇಳಲಾರೆ. ನನ್ನ ಕಾದಂಬರಿಯಲ್ಲಿ ಅಪ್ಪನ ರೂಮಿ ಟೋಪಿ ಕೆಂಪಗಿದೆ, ನೆತ್ತಿಯಿಂದ ಕರಿಯ ರೇಷ್ಮೆ ಗೊಂಡೆ ಇಳಿಬಿದ್ದಿದೆ. ಬರೆಯುವ ಮೊದಲು ಅದು ಇಟ್ಟಂಗಿಯ ಬಣ್ಣದ್ದೋ, ಬಿಸಿಲಿಗೆ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದೋ ಇದ್ದಿರಬಹುದು. ಪುಸ್ತಕ ಅಚ್ಚಾದ ಮೇಲೆ ನನ್ನ ನೆನಪು ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆಯುವ ವಿದ್ಯಾರ್ಥಿಯಂತಾಗಿದೆ. ಏನು ಕೇಳಿದರೂ ಪುಟ ತಿರುವಿ ಹೇಳುತ್ತದೆ.

ಟೋಪಿಯ ವಿಚಾರ ಬಂದದ್ದು ಬೀದರಿನ ಸಾಹಿತ್ಯ ಉತ್ಸವದಲ್ಲಿ. 'ಲೇಖಕರೊಡನೆ ಮಾತುಕತೆ' ಎಂಬ ಗೋಷ್ಠಿಗೆ ನನ್ನನ್ನೂ ಕರೆದಿದ್ದರು. ವೇದಿಕೆ ಹತ್ತುವಷ್ಟರಲ್ಲಿ ಒಂದು ಸಿದ್ಧ ಪೇಟ ತಂದು ತಲೆಗಿಟ್ಟರು. ಈಗಿನ ಪೇಟಗಳು ಸುತ್ತುವಂಥವಲ್ಲ, ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಇಡುವಂಥವು. ನನ್ನ ತಲೆ ಚಿಕ್ಕದು, ಹುಬ್ಬಿನ ತನಕ ಇಳಿಯಿತು. ಪಕ್ಕದಲ್ಲಿದ್ದ ಬೆಂಗಳೂರಿನ ಕವಿಗಳೊಬ್ಬರದು ದೊಡ್ಡ ತಲೆ, ಅವರ ಪೇಟ ನೆತ್ತಿಯ ಮೇಲೆ ಯಾವಾಗ ಬೇಕಾದರೂ ಹಾರಿಹೋಗುವ ಹಕ್ಕಿಯ ಹಾಗೆ ಕೂತಿತ್ತು. ಫೋಟೋ ಆದ ಕೂಡಲೇ ಅವರು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ತೆಗೆಯಲಿಲ್ಲ. ವಿನಯದಿಂದಲ್ಲ, ಮರೆತೆ. ತಲೆಯ ಮೇಲೆ ಏನಿದೆ ಎಂಬುದನ್ನು ಮರೆಯುವುದು ನಮ್ಮ ಮನೆತನದ ರೂಢಿ ಎಂದು ಕಾಣುತ್ತದೆ.

ಪ್ರಶ್ನೆ ಕೇಳಲು ಕೂತವರು ಭಾಲ್ಕಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಶಿವಲೀಲಾ. ಚುರುಕು ಹೆಣ್ಣುಮಗಳು. ನನ್ನ ಕಾದಂಬರಿಯ ತುಂಬ ಹಳದಿ, ಗುಲಾಬಿ ಚೀಟಿ ಅಂಟಿಸಿಕೊಂಡು ಬಂದಿದ್ದರು. ನಾನು ಬರೆಯುವಾಗಲೂ ಆ ಪುಸ್ತಕವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

"ಸರ್, ನಿಮ್ಮ ಕಾದಂಬರಿಯೊಳಗ ಗಫೂರ್ ಮಾಸ್ತರ್ ಹೊಳಿ ದಾಟೋದು ಮೂರು ಸಲ ಬರ್ತದ. ಮೂರೂ ಬ್ಯಾರೆ ಬ್ಯಾರೆ. ಅದ್ರಾಗ ಖರೇದು ಯಾವುದ್ರಿ?"

ಈ ಪ್ರಶ್ನೆಗೆ ನನ್ನಲ್ಲಿ ಬಹಳ ವರ್ಷಗಳಿಂದ ಇಸ್ತ್ರಿ ಮಾಡಿಟ್ಟ ಉತ್ತರವಿದೆ. ನೆನಪನ್ನು ನಂಬಬಾರದು, ಒಂದೇ ಕಥೆ ಎಂಬುದು ಸೋಮಾರಿಗಳ ಅನುಕೂಲ, ಲೇಖಕನಾದವನು ಎಲ್ಲ ಸಾಧ್ಯತೆಗಳನ್ನೂ ತೆರೆದಿಡಬೇಕು, ಇತ್ಯಾದಿ. ಹೇಳಿದೆ. ಚಪ್ಪಾಳೆಯೂ ಬಿತ್ತು. ಕವಿಗಳು ತಲೆಯಾಡಿಸಿದರು. ಪೇಟ ತೊಡೆಯ ಮೇಲಿದ್ದುದರಿಂದ ಅವರಿಗೆ ಅದು ಸುಲಭವಿತ್ತು.

ಕಾದಂಬರಿ ಓದದವರಿಗೆ, ಅಂದರೆ ಹೆಚ್ಚು ಕಡಿಮೆ ಎಲ್ಲರಿಗೂ, ಇಲ್ಲಿ ಸ್ವಲ್ಪ ಹೇಳಬೇಕು.

ನಿಜಾಮರ ಹೈದರಾಬಾದ್ ಸಂಸ್ಥಾನದ ಕಡೆಯ ವರ್ಷಗಳು. ಅಪ್ಪ ಔರಾದಿನ ಸರಕಾರಿ ಸಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ. ನಾನೂ ಅವ್ವನೂ ಭಾಲ್ಕಿಯ ಮನೆಯಲ್ಲಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಸಾಲೆಯಲ್ಲಿ ಉರ್ದು. ಅಪ್ಪ ಕಲಿತದ್ದೂ ಕಲಿಸಿದ್ದೂ ಉರ್ದುವಿನಲ್ಲಿ. ಹಾಗಾಗಿ ನಮ್ಮದು ವಿಭೂತಿ ಹಚ್ಚುವ ಮನೆಯಾದರೂ ಅಲ್ಲಿ ಮಗ್ಗಿ ಮಾತ್ರ ಉರ್ದುವಿನಲ್ಲೇ ಕೇಳುತ್ತಿತ್ತು. ಈಗಲೂ ಹಾಲಿನವನ ಮುಂದೆ ನಿಂತು ಕೂಡಿಸುವಾಗ ನನ್ನ ಬಾಯಿಗೆ ಗ್ಯಾರಾ, ಬಾರಾ ಬರುತ್ತದೆ, ಹನ್ನೊಂದು ಹನ್ನೆರಡು ಬರುವುದಿಲ್ಲ. ಸಾಲೆಯ ಮಾಸ್ತರರೆಲ್ಲ ಶೇರವಾನಿ, ರೂಮಿ ಟೋಪಿ ಹಾಕಬೇಕು. ಹಿಂದೂ, ಮುಸಲ್ಮಾನ ಎಂಬ ಭೇದ ಅದಕ್ಕಿರಲಿಲ್ಲ. ಟೋಪಿಯಿಲ್ಲದೆ ಹೊರಗೆ ಕಾಲಿಟ್ಟರೆ ಅಪ್ಪನಿಗೆ ಧೋತರವಿಲ್ಲದೆ ಹೊರಟಷ್ಟು ನಾಚಿಕೆ ಎಂದು ಅವ್ವ ನಗುತ್ತಿದ್ದಳು.

ಗಫೂರ್ ಮಾಸ್ತರರು ಅದೇ ಸಾಲೆಯಲ್ಲಿ ಫಾರಸಿ ಕಲಿಸುತ್ತಿದ್ದರು. ಅಪ್ಪನೂ ಅವರೂ ಔರಾದಿನಲ್ಲಿ ಒಂದೇ ಅಂಗಳದ ಎರಡು ಖೋಲಿಗಳಲ್ಲಿ ಇದ್ದರು. ಅವರ ಕನ್ನಡ ನಮ್ಮ ಕನ್ನಡಕ್ಕಿಂತ ನಿಧಾನ, ಮತ್ತು ಸ್ವಚ್ಛ. ಆಗ ಸಾಲೆಗೆ ಶುಕ್ರವಾರ ರಜೆ. ಗುರುವಾರ ಸಂಜೆ ಅಪ್ಪ ಭಾಲ್ಕಿಯ ಹಾದಿ ಹಿಡಿದರೆ, ನಿಜಾಮರ ಪರದ ರಜಾಕಾರ ಪಡೆಯ ಹಾವಳಿ ಜೋರಾದ ತಿಂಗಳುಗಳಲ್ಲಿ, ಗಫೂರ್ ಮಾಸ್ತರರು ಮಾಂಜ್ರಾ ಹೊಳೆಯ ತನಕ ಜೊತೆಗೆ ಬರುತ್ತಿದ್ದರಂತೆ. ಹಾದಿಯಲ್ಲಿ ಯಾರಾದರೂ ತಡೆದರೆ ಅವರೇ ಮುಂದಾಗಿ ಮಾತಾಡುತ್ತಿದ್ದರು. ಅಪ್ಪ ತುಟಿ ಬಿಚ್ಚದೆ, ಟೋಪಿ ಸರಿಮಾಡಿಕೊಂಡು ಪಕ್ಕಕ್ಕೆ ನಿಂತಿರುತ್ತಿದ್ದ. ಹೀಗೆ ಆ ಟೋಪಿ ಎಷ್ಟೋ ಸಲ ಅಪ್ಪನ ತಲೆ ಕಾಯ್ದಿತ್ತು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಫೌಜು ಬಂತು, ರಜಾಕಾರರು ದಿಕ್ಕಾಪಾಲಾದರು, ಕೆಲವೇ ದಿನಗಳಲ್ಲಿ ಹೆದರುವವರು ಬದಲಾದರು. ನಿನ್ನೆಯ ತನಕ ಬಾಗಿಲು ಹಾಕಿಕೊಂಡು ಕೂತವರು ಬಡಿಗೆ ಹಿಡಿದು ಬೀದಿಗೆ ಬಂದರು. ರಜಾಕಾರರ ಜೊತೆಗೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನರ ಮನೆಗಳಲ್ಲೂ ದೀಪ ಹಚ್ಚದಾದರು. ಗಫೂರ್ ಮಾಸ್ತರರನ್ನು ಭಾಲ್ಕಿಗೆ ಕರೆತಂದು ನಮ್ಮ ಮನೆಯ ಕಣಜದ ಕೋಣೆಯಲ್ಲಿ ಇಡುವುದು, ಊರು ತಣ್ಣಗಾದ ಮೇಲೆ ಕಳಿಸುವುದು ಎಂದು ಅಪ್ಪ ಯೋಚಿಸಿದ. ಅವರ ಗಡ್ಡ ಬೋಳಿಸಿದ. ತನ್ನ ಧೋತರ ಉಡಿಸಿದ. ಹಣೆಗೆ, ತೋಳಿಗೆ ವಿಭೂತಿ ಎಳೆದ. ಕೈಯಲ್ಲಿ ಬೆತ್ತ, ಹೆಗಲಿಗೆ ಕಾವಿ ಶಾಲು. ನೋಡಿದವರು ಕೈಮುಗಿಯುವ ಹಾಗೆ ಗಫೂರ್ ಮಾಸ್ತರರು ಜಂಗಮ ಅಯ್ಯನವರಾದರು.

ಇಷ್ಟು ಮಾಡಿ ಅಪ್ಪ ಇನ್ನೊಂದು ಮಾಡಿದ. ಅದನ್ನು ನಾನು ಕಾದಂಬರಿಯಲ್ಲಿ ಬರೆಯಲಿಲ್ಲ. ಅವ್ವ ಬೇಡ ಅಂದಿದ್ದಳು. ನಮ್ಮಲ್ಲಿ ದೀಕ್ಷೆಯಾದವರು ಇಷ್ಟಲಿಂಗವನ್ನು ಸಾಯುವ ತನಕ ಮೈಯಿಂದ ಅಗಲಿಸುವುದಿಲ್ಲ. ಅಪ್ಪ ತನ್ನ ಕೊರಳಲ್ಲಿದ್ದ ಲಿಂಗವನ್ನು ಅದನ್ನಿಟ್ಟ ಬೆಳ್ಳಿಯ ಕರಡಿಗೆ ಸಮೇತ ಬಿಚ್ಚಿ ಗೆಳೆಯನ ಕೊರಳಿಗೆ ಕಟ್ಟಿದ. ಯಾರಾದರೂ ಅನುಮಾನಪಟ್ಟು ಎದೆ ಮುಟ್ಟಿ ನೋಡಿದರೆ ಸಿಗಬೇಕಲ್ಲ, ಅದಕ್ಕೆ.

ಹೀಗೆ ಗೆಳೆಯನನ್ನು ನೆತ್ತಿಯಿಂದ ಹಿಮ್ಮಡಿಯ ತನಕ ತಿದ್ದಿ ತೀಡಿದ ಅಪ್ಪ, ಹೊರಡುವಾಗ ರೂಢಿಯ ಪ್ರಕಾರ ಗೂಟದಲ್ಲಿದ್ದ ರೂಮಿ ಟೋಪಿ ತೆಗೆದು ತನ್ನ ತಲೆಗಿಟ್ಟುಕೊಂಡ.

ಇದೆಲ್ಲ ನನಗೆ ಕಂಡ ಹಾಗಿದೆ. ಗೂಟ, ಗೋಡೆಯ ಮೇಲಿನ ಎಣ್ಣೆಯ ಕಲೆ, ಗಡ್ಡ ಹೋದ ಮೇಲೆ ಚಿಕ್ಕದಾಗಿ ಕಂಡ ಗಫೂರ್ ಮಾಸ್ತರರ ಮುಖ. ಒಮ್ಮೆ ಅವ್ವನ ಮುಂದೆ ಇದನ್ನೆಲ್ಲ ವರ್ಣಿಸುತ್ತಿದ್ದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನನ್ನೇ ನೋಡಿದಳು.

"ನೀ ಎಲ್ಲಿದ್ದ್ಯೋ ಹುಚ್ಚಾ ಅಲ್ಲಿ? ಜ್ವರ ಬಂದು ಇಲ್ಲೇ ಭಾಲ್ಕ್ಯಾಗ ನನ್ನ ಮಗ್ಗಲಿಗೆ ಮಲಗಿದ್ದಿ."

"ಮತ್ತ ಆ ಗೂಟ ನನಗ ಹ್ಯಾಂಗ ನೆನಪದ?"

"ಗೂಟ ಯಾರ ಮನ್ಯಾಗ ಇರಂಗಿಲ್ಲ?"

ಅಂದಮೇಲೆ ಮುಂದಿನದು ಪೂರ್ತಿ ಅವ್ವನ ಮಾತು. ಅಪ್ಪ ಅವಳಿಗೆ ಒಂದೇ ಸಲ ಹೇಳಿದ್ದಂತೆ. ಅವಳು ನನಗೆ ಬಹಳ ಸಲ ಹೇಳಿದ್ದಾಳೆ. ಪ್ರತಿಸಲವೂ ಸ್ವಲ್ಪ ಉಪ್ಪು ಹೆಚ್ಚು ಕಡಿಮೆ.

ಬಂಡಿ ಮಾಂಜ್ರಾ ದಂಡೆಗೆ ಬಂತು. ಮಳೆಗಾಲದ ಕೊನೆ, ಹೊಳೆ ತುಂಬಿತ್ತು, ಹರಿಗೋಲಿನಲ್ಲೇ ದಾಟಬೇಕು. ದಂಡೆಯ ಮೇಲೆ ಬಡಿಗೆ ಹಿಡಿದ ಹತ್ತಾರು ಜನ. ಅಯ್ಯನವರನ್ನು ಕಂಡ ಕೂಡಲೇ ಒಬ್ಬ ಮುದುಕ ಅಡ್ಡಬಿದ್ದ. ಗಫೂರ್ ಮಾಸ್ತರರಿಗೆ ಮಾತಾಡಿದರೆ ಅಷ್ಟು ವರ್ಷದ ಫಾರಸಿ ಎಲ್ಲಿ ಹೊರಬೀಳುತ್ತದೋ ಎಂಬ ಭಯ. ಸುಮ್ಮನೆ ಕೈ ಎತ್ತಿದರು.

"ಆಶೀರ್ವಾದ ಮಾಡ್ರಿ ಅಯ್ಯನವ್ರೇ, ಬಾಯಿ ಬಿಟ್ಟು ಒಂದ್ ಮಾತು ಹೇಳ್ರಿ."

"ಅಯ್ಯನವ್ರು ಮೌನ ಹಿಡಿದಾರ," ಅಂದ ಅಪ್ಪ.

ಎಲ್ಲರ ಕಣ್ಣೂ ಅಪ್ಪನ ಕಡೆ ತಿರುಗಿದವು. ತಿರುಗಿ, ಮೇಲಕ್ಕೇರಿದವು.

"ಅದನ್ನ ಹೇಳ್ಲಿಕ್ಕಿ ನೀ ಯಾರೋ? ತಲಿ ಮ್ಯಾಲಿಂದು ಏನದ?"

ಅಪ್ಪ ತಲೆ ಮುಟ್ಟಿಕೊಂಡ. ಆಗ ಗೊತ್ತಾಯಿತು.

"ನಾ ಸಾಲಿ ಮಾಸ್ತರ ಇದ್ದೇನ್ರಿ. ಭಾಲ್ಕಿಯವ. ಲಿಂಗವಂತ."

"ಲಿಂಗವಂತ? ಹಂಗಾದ್ರ ಲಿಂಗ ತೋರ್ಸು."

ಲಿಂಗ ಪಕ್ಕದಲ್ಲಿ ನಿಂತ ಅಯ್ಯನವರ ಕೊರಳಲ್ಲಿತ್ತು. ಇನ್ನೊಬ್ಬ, "ಮಾಸ್ತರ ಅಂದ್ರ ಕನ್ನಡದಾಗ ಹದಿನೇಳರ ಮಗ್ಗಿ ಹೇಳ್ಲಿ ನೋಡೂಣು" ಎಂದನಂತೆ. ಲೆಕ್ಕದ ಮಾಸ್ತರನಾದ ಅಪ್ಪನಿಗೆ ಅದು ಬರಲಿಲ್ಲ. ಗುಂಪು ಅಯ್ಯನವರನ್ನು ಭಕ್ತಿಯಿಂದ ಕೈಹಿಡಿದು ಹರಿಗೋಲಿಗೆ ಹತ್ತಿಸಿತು. ಅಪ್ಪನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಯಿತು. ಆಗ ಹರಿಗೋಲು ನಡುಹೊಳೆಯಲ್ಲಿತ್ತು.

ಮರುದಿನ ಭಾತಂಬ್ರಾದ ಕಡೆಯ ಒಬ್ಬ ಎಣ್ಣೆ ವ್ಯಾಪಾರಿ ಆ ಹಾದಿಯಲ್ಲಿ ಬಂದು, "ಏ, ಇವರು ನಮ್ಮ ಬೀಗರ ಪೈಕಿ" ಎಂದು ಬಿಡಿಸಿದ. ಅಪ್ಪ ಟೋಪಿಯಿಲ್ಲದ ಬರಿತಲೆಯಲ್ಲಿ ಭಾಲ್ಕಿಗೆ ಬಂದ. ಅವ್ವ ಬಾಗಿಲಲ್ಲೇ ತಡೆದಳು. ತಲೆ ನೋಡಿ ಅಲ್ಲ, ಕೊರಳು ನೋಡಿ.

"ಲಿಂಗ ಎಲ್ಲದರಿ?"

"ಗಫೂರ್ ಸಾಹೇಬರ ಕೊಳ್ಳಾಗ ಅದ."

ಅವ್ವ ಬಾಗಿಲಿನಿಂದ ಸರಿದು ನಿಂತಳಂತೆ. ಆಮೇಲೆ, "ಹಂಗಾದ್ರ ಅವ್ರು ಉಳೀತಾರ ಬಿಡ್ರಿ, ಒಳಗ ಬರ್ರಿ" ಎಂದಳಂತೆ. ಹೊಸ ಲಿಂಗ ಕಟ್ಟಿಸುವ ತನಕ ಅಪ್ಪ ಊಟ ಮಾಡಲಿಲ್ಲ, ಅವ್ವನೂ ಮಾಡಲಿಲ್ಲ.

ಗಫೂರ್ ಮಾಸ್ತರರು ಬರಲಿಲ್ಲ. ಆ ವಾರಗಳಲ್ಲಿ ಅವರ ಹೆಸರು ಹಿಡಿದು ವಿಚಾರಿಸುವಂತಿರಲಿಲ್ಲ. ಹೆಸರು ಹಿಡಿಯದೆ ವಿಚಾರಿಸಿದರೆ ಆಚೆಯವರು ಕಂಡದ್ದು ಯಾವನೋ ಮೌನದ ಅಯ್ಯನವರನ್ನು, ಗಫೂರ್ ಮಾಸ್ತರರನ್ನಲ್ಲ. ಸಂಸ್ಥಾನ ಹೋಯಿತು. ರಾಜ್ಯ ಒಡೆದು ನಾವು ಕನ್ನಡದವರ ಪಾಲಿಗೆ ಬಂದೆವು. ಅಪ್ಪ ನಡುವಯಸ್ಸಿನಲ್ಲಿ ಕೂತು ಕನ್ನಡದ ಮಗ್ಗಿ ಕಲಿತ. ತಲೆಗೆ ಮಾತ್ರ ಮತ್ತೆ ಏನೂ ಹಾಕಲಿಲ್ಲ, ಮಳೆಯಲ್ಲಿ ಗೋಣಿಚೀಲ ಸಹ.

ಇದನ್ನು ಇಟ್ಟುಕೊಂಡು ನಾನು ಕಾದಂಬರಿ ಬರೆದೆ. ಆಗ ನಾನು ಭಾರಿ ನವ್ಯ. ಒಂದೇ ಅಂತ್ಯ ಬರೆಯುವುದೆಂದರೆ ಒಂದೇ ಕಾಲಲ್ಲಿ ನಡೆದಂತೆ ಎಂದು ವಾದಿಸುತ್ತಿದ್ದೆ. ಮೊದಲ ಪಾಠದಲ್ಲಿ ಹರಿಗೋಲು ಸುಳಿಗೆ ಸಿಕ್ಕು ಮಗುಚುತ್ತದೆ. ಎರಡನೆಯದರಲ್ಲಿ ಯಾರೋ ಗುರುತು ಹಿಡಿದು ಮಾಸ್ತರರನ್ನು ಹೊಳೆಗೆ ನೂಕುತ್ತಾರೆ. ಮೂರನೆಯದರಲ್ಲಿ ಅವರೇ ಹಾರುತ್ತಾರೆ. ಅಪ್ಪ ಮೂರರಲ್ಲೂ ದಂಡೆಯ ಮೇಲೆ ನಿಂತೇ ಇರುತ್ತಾನೆ, ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ವಿಮರ್ಶಕರು ಮೆಚ್ಚಿದರು. ಸಾಧ್ಯತೆಗಳ ಲೇಖಕ ಎಂದು ಕರೆದರು.

ಈಗ ಮತ್ತೆ ವೇದಿಕೆಗೆ ಬರುತ್ತೇನೆ. ಶಿವಲೀಲಾ ಹೊಳೆಯನ್ನು ರೂಪಕ ಎನ್ನಬಹುದೇ ಎಂದು ಕೇಳಿದರು. ನಾನು ಅನ್ನಬಹುದು ಎಂದೆ. ಕವಿಗಳು ತಮ್ಮ ಊರಿನ ಕೆರೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಸಭಿಕರ ಸರದಿ. ನಡುಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದು ಮೈಕು ತೆಗೆದುಕೊಂಡರು. ಬಿಳಿ ಸೀರೆ, ದಪ್ಪ ಕನ್ನಡಕ, ಸಾಲೆಯಲ್ಲಿ ಕಲಿಸಿದವರ ಗಟ್ಟಿ ದನಿ.

"ನಮಸ್ಕಾರ್ರಿ. ನನ್ನ ಹೆಸರು ಜುಬೇದಾ. ಮನ್ನಳ್ಳಿಯಿಂದ ಬಂದೇನಿ. ನೀವು ಮೂರು ಬರ್ದೀರಿ. ನಾಕನೇದು ನಾ ಹೇಳ್ಲೇನ್ರಿ?"

ಸಭೆ ನಕ್ಕಿತು. ನಾನೂ ಉದಾರವಾಗಿ ನಕ್ಕು, "ಹೇಳ್ರಿ ಹೇಳ್ರಿ" ಎಂದೆ.

"ಗಫೂರ್ ಮಾಸ್ತರ್ ಹೊಳಿ ದಾಟಿದ್ರು. ದಾಟಿ ಮನ್ನಳ್ಳಿಗೆ ಬಂದ್ರು. ಅಲ್ಲಿ ನಮ್ಮ ಅಮ್ಮಿಯ ತವರಮನಿ. ನಾ ಅವರ ಮಗಳು."

ಶಿವಲೀಲಾ ಚೀಟಿಗಳನ್ನು ತಿರುವುತ್ತ, "ಬಹಳ ಚಲೋ ಮೇಡಂ, ಓದುಗರೇ ಕಾದಂಬರೀನ ಮುಂದ ಬೆಳೆಸೋದು ಅಂದ್ರ ಹಿಂಗ..." ಎಂದು ಶುರು ಮಾಡಿದರು.

"ಬೆಳೆಸೋದಲ್ಲವ್ವಾ," ಎಂದರು ಜುಬೇದಾ. "ನಾ ಹುಟ್ಟಿದ್ದೇ ಪೊಲೀಸ್ ಆ್ಯಕ್ಷನ್ ಆಗಿ ವರ್ಷೊಪ್ಪತ್ತಿನ ಮ್ಯಾಲ. ಇವರ ಪುಸ್ತಕ ಖರೇ ಆದ್ರ ನಾ ಹುಟ್ಟೇ ಇಲ್ಲ. ಮೂರು ಸಲ ಹುಟ್ಟಿಲ್ಲ."

ಈಗ ಸಭೆ ನಗಲಿಲ್ಲ. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಗುಮಾನಿ. ನಾನು ಗುಮಾನಿಯಿಂದಲೇ ಅನ್ನ ತಿಂದವನು. ಗಫೂರ್ ಎಂಬ ಹೆಸರಿನವರು ಜಿಲ್ಲೆಯಲ್ಲಿ ಎಷ್ಟಿಲ್ಲ? ಪುಸ್ತಕ ಓದಿದ ಯಾರು ಬೇಕಾದರೂ ಎದ್ದು ನಿಂತು ಹೀಗೆ ಹೇಳಬಹುದು. ಆಕೆ ಆ ಗುಮಾನಿಯನ್ನು ನನ್ನ ಮುಖದಲ್ಲಿ ಓದಿದರೋ ಏನೋ, ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದರು.

"ಅಬ್ಬಾನ ಕೊಳ್ಳಾಗ ನಿಮ್ಮ ಅಪ್ಪಾರು ತಮ್ಮ ಲಿಂಗ ಕಟ್ಟಿದ್ರು. ಪುಸ್ತಕದಾಗ ಅದನ್ನ ನೀವು ಯಾಕ ಬರೀಲಿಲ್ರಿ?"

ನನ್ನ ಕೈ ತಾನಾಗಿಯೇ ನನ್ನ ಕೊರಳಿಗೆ ಹೋಯಿತು. ಅವ್ವ, ಅಪ್ಪ, ನಾನು, ಈ ಮೂವರನ್ನು ಬಿಟ್ಟರೆ ಅದು ಗೊತ್ತಿದ್ದವರು ಒಬ್ಬರೇ.

ಆಕೆ ತಮ್ಮ ಬಟ್ಟೆಚೀಲಕ್ಕೆ ಕೈ ಹಾಕಿದರು. ಈಗ ಕರಡಿಗೆ ಹೊರಬರುತ್ತದೆ, ಬೆಳ್ಳಿ ಕಪ್ಪಿಟ್ಟಿರುತ್ತದೆ, ಸಭೆ ಅಳುತ್ತದೆ ಎಂದು ನನ್ನೊಳಗಿನ ಕಥೆಗಾರ ಆಗಲೇ ವಾಕ್ಯ ಜೋಡಿಸತೊಡಗಿದ್ದ. ಆಕೆ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಲಿಂಗವನ್ನು ಅಬ್ಬಾ ಆಚೆ ದಡದ ಯಾವುದೋ ಮಠದಲ್ಲಿ ಒಪ್ಪಿಸಿದ್ದರಂತೆ, ಯಾವ ಮಠ ಎಂದು ಆಕೆಗೆ ತಿಳಿಯದು. ನನಗೆ ಎಷ್ಟೋ ಹಗುರವೆನಿಸಿತು. ಕರಡಿಗೆ ಬಂದಿದ್ದರೆ ನಾನು ಆಕೆಯನ್ನು ನಂಬುತ್ತಿರಲಿಲ್ಲ.

"ನಾ ಇದನ್ನ ಹೇಳ್ಲಿಕ್ಕಿ ಬಂದಿಲ್ರಿ," ಎಂದರು. "ಕೇಳ್ಲಿಕ್ಕಿ ಬಂದೇನಿ. ನಿಮ್ಮ ಅಪ್ಪಾರು ಏನಾದ್ರು? ಪುಸ್ತಕದಾಗ ಅವ್ರನ್ನ ದಂಡಿ ಮ್ಯಾಲೇ ನಿಲ್ಲಿಸಿ ಬಿಟ್ಟೀರಿ. ಮೂರು ಸಲ ಓದ್ದೆ, ಮೂರು ಸಲನೂ ಅಲ್ಲೇ ನಿಂತಾರ."

"ಯಾಕ್ರಿ? ನಿಮ್ಮ ಅಬ್ಬಾ ಏನ್ ಹೇಳಿದ್ರು?"

"ಅಬ್ಬಾ ಆ ದಿನದ ಮಾತು ಆಡ್ತಿದ್ದಿಲ್ಲ. ಸಕ್ರಿ ಬ್ಯಾನಿ ಜೋರಾಗಿ ಹಾಸಿಗಿ ಹಿಡಿದಾಗ ಒಮ್ಮಿ ಹೇಳಿದ್ರು. ಹರಗೋಲಿನ್ಯಾಗ ಕುಂತು ಹೊಳ್ಳಿ ನೋಡಿದ್ರಂತ. ದಂಡಿ ಮ್ಯಾಲ ನಿಮ್ಮ ಅಪ್ಪಾರು, ತಲಿ ಮ್ಯಾಲ ಟೋಪಿ. ಅದು ಇನ್ನೂ ಹಂಗೇ ಇತ್ತಂತ. 'ಟೋಪಿ ಬಿಸಾಡೋ' ಅಂತ ಒದರಬೇಕಂದ್ರು. ಒದರಿದ್ರ ಮೌನದ ಅಯ್ಯನವ್ರು ಬಾಯಿ ಬಿಟ್ಟಂಗಾಗ್ತದ. ಒದರಲಿಲ್ಲ. ಆಮ್ಯಾಲ ಅವ್ರನ್ನ ಎಳಕೊಂಡು ಹೋಗೋದು ಕಂಡ್ರು. 'ನನ್ನ ಸಲುವಾಗಿ ಹೋದ, ಅವನ ಹೇಣ್ತಿ ಮುಂದ ಯಾವ ಮಾರಿ ತಗೊಂಡು ಹೋಗ್ಲಿ' ಅಂತಿದ್ರು. ಭಾಲ್ಕಿ ಕಡಿ ಹೋಗೋ ಬಸ್ಸು ಸುದ್ದಾ ಹತ್ತತಿದ್ದಿಲ್ಲ."

ನಾನು ಮೈಕಿನಲ್ಲಿ ಅನೇಕ ದೊಡ್ಡ ಮಾತು ಆಡಿದ್ದೇನೆ. ಆ ದಿನ ಆಡಿದಷ್ಟು ಸುಲಭದ ಮಾತು ಎಂದೂ ಆಡಿರಲಿಲ್ಲ.

"ಬದುಕಿದ್ರು ರೀ. ಮರುದಿನನೇ ಮನಿಗೆ ಬಂದ್ರು. ಒಂದ್ ಏಟು ಸುದ್ದಾ ಬಿದ್ದಿದ್ದಿಲ್ಲ. ಹಣ್ಣಹಣ್ಣ ಮುದುಕರಾಗಿ, ಮೊಮ್ಮಕ್ಕಳನ್ನ ಆಡಿಸಿ, ಭಾಲ್ಕ್ಯಾಗ ಹಾಸಿಗಿ ಮ್ಯಾಲೇ ತೀರ್ಕೊಂಡ್ರು."

ಜುಬೇದಾ ನಿಂತಲ್ಲೇ ಕಣ್ಣುಮುಚ್ಚಿ ಏನೋ ಪಿಟಿಪಿಟಿ ಹೇಳಿಕೊಂಡರು. ಪಕ್ಕದವರು ಕೈ ಹಿಡಿದು ಕೂಡಿಸಿದರು. ಕೂತ ಮೇಲೆ ಮತ್ತೆ ಮೈಕು ಕೇಳಿ ತೆಗೆದುಕೊಂಡರು.

"ಅವರಿಗೂ ಸಕ್ರಿ ಬ್ಯಾನಿ ಇತ್ತೇನ್ರಿ?"

"ಇತ್ತ್ರಿ."

"ನೋಡ್ರಿ!" ಎಂದರು, ಎರಡೂ ಮನೆಗಳ ನಡುವೆ ಬೀಗತನವೇ ಆಯಿತು ಎನ್ನುವಂತೆ. ಸಭೆಗೆ ನಗಲು ಅಷ್ಟು ಸಾಕಾಯಿತು. ಜನ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಕವಿಗಳು ನನ್ನ ಕಿವಿಯ ಹತ್ತಿರ ಬಾಗಿ, "ಇದನ್ನು ಮೊದಲೇ ಏರ್ಪಾಡು ಮಾಡಿದ್ರಾ? ಅದ್ಭುತವಾಗಿ ಬಂತು" ಎಂದರು. ಶಿವಲೀಲಾ ಪುಸ್ತಕದ ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು.

ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ಮಂಡಕ್ಕಿಯ ಸೂಸಲಾ, ಚಹಾ. ಉತ್ಸವದ ನಿಜವಾದ ಗೋಷ್ಠಿಗಳು ನಡೆಯುವುದು ಅಲ್ಲೇ. ಜುಬೇದಾ ನನ್ನನ್ನು ಹತ್ತಿರ ಕೂಡಿಸಿಕೊಂಡು ಅಬ್ಬಾನ ಸಂಗತಿಗಳನ್ನು ಹೇಳಿದರು. ಅವರು ಮತ್ತೆ ಸರಕಾರಿ ನೌಕರಿ ಸೇರಲಿಲ್ಲವಂತೆ. ಮಾವನ ಹೊಲ ನೋಡಿಕೊಂಡರಂತೆ. ಊರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ, ಮೊಹರಮ್ಮಿಗೆ ಪದ ಬರೆದುಕೊಡುತ್ತಿದ್ದರಂತೆ. ಆ ದಂಡೆಯಿಂದ ಬೀದರನ್ನು ಹಾದು ಮನ್ನಳ್ಳಿಗೆ ಹೇಗೆ ಬಂದರು ಎಂದು ಕೇಳಿದೆ.

"ನಾವೂ ಕೇಳ್ತಿದ್ವಿ. 'ಬಂದ್ನಲ್ಲ' ಅಂತಿದ್ರು. ಅಷ್ಟೇ."

"ನನ್ನ ಮ್ಯಾಲ ಸಿಟ್ಟೇನ್ರಿ? ಮೂರು ಸಲ ಮುಳುಗಿಸೇನಿ."

"ಮೊದಲನೇ ಸಲ ಓದಿದಾಗ ಬಹಳ ಬೇಜಾರಾತು. ಎರಡನೇದಕ್ಕ ನಗು ಬಂತು. ಈ ಮನ್ಶಾಗ ಒಂದ್ ಸಲ ಸುದ್ದಾ ಈಸ್ಲಿಕ್ಕಿ ಬಿಡಬೇಕು ಅನಸಲಿಲ್ಲಲ್ಲಾ ಅಂತ." ಚಹಾದ ಲೋಟ ಕೆಳಗಿಟ್ಟರು. "ಅಬ್ಬಾಗ ಈಸು ಬರ್ತಿತ್ರಿ. ಚಲೋ ಬರ್ತಿತ್ತು."

ನಿಜ ಹೇಳುತ್ತೇನೆ, ಅದು ನನಗೆ ಹೊಳೆದೇ ಇರಲಿಲ್ಲ. ಎಲ್ಲ ಸಾಧ್ಯತೆಗಳನ್ನೂ ತೆರೆದಿಡುತ್ತೇನೆಂದು ಹೇಳಿಕೊಂಡು ತಿರುಗಿದವನು ನಾನು. ಆ ಸಾಧ್ಯತೆಗಳಲ್ಲಿ ಮನುಷ್ಯ ಸುಮ್ಮನೆ ಆಚೆ ದಡಕ್ಕಿಳಿದು, ಧೋತರ ಹಿಂಡಿಕೊಂಡು, ಹೆಂಡತಿಯ ತವರಿಗೆ ನಡೆದುಹೋಗುವುದು ಇರಲಿಲ್ಲ. ಆ ದಿನಗಳಲ್ಲಿ ಹೊಳೆ ದಾಟದವರು ಬಹಳ ಜನ ಇದ್ದರು. ಈಚೆಯವರೂ, ಆಚೆಯವರೂ. ಅದು ಸುಳ್ಳಲ್ಲ. ಆ ಲೆಕ್ಕದಲ್ಲಿ ಗಫೂರ್ ಮಾಸ್ತರರನ್ನು ನಾನು ಕಣ್ಣುಮುಚ್ಚಿ ಸೇರಿಸಿಬಿಟ್ಟಿದ್ದೆ.

ಇಬ್ಬರು ಗೆಳೆಯರು, ಇಬ್ಬರೂ ಬದುಕಿದ್ದಾರೆ, ಅರ್ಧ ದಿನದ ಹಾದಿಯ ಅಂತರದಲ್ಲಿ, ಆದರೂ ಒಬ್ಬರಿಗೊಬ್ಬರು ಇಲ್ಲವಾಗಿ. ಇಂಥ ಕಥೆಯನ್ನು ಬೇರೆ ಯಾರಾದರೂ ಬರೆದಿದ್ದರೆ, ತೀರಾ ಅಚ್ಚುಕಟ್ಟಾಯಿತು, ನಂಬಲಾಗದು ಎಂದು ನಾನೇ ವಿಮರ್ಶೆ ಬರೆಯುತ್ತಿದ್ದೆ. ಬೀದರಿನಿಂದ ಭಾಲ್ಕಿಯ ಬಸ್ಸಿನಲ್ಲಿ ಕೂತಾಗ ಮಾತ್ರ ವಿಮರ್ಶೆ ನೆನಪಾಗಲಿಲ್ಲ. ಕಿಟಕಿಯಿಂದ ತೊಗರಿ ಹೊಲಗಳ ಗಾಳಿ ಬರುತ್ತಿತ್ತು. ಪಕ್ಕದ ಸೀಟಿನವರು, "ಯಾಕ್ರಿ ಕಾಕಾ, ಒಬ್ರೇ ನಗಲಿಕತ್ತೀರಿ?" ಎಂದು ಕೇಳಿದರು. "ನಮ್ಮವರೊಬ್ರು ಆರಾಮ ಆಗ್ಯಾರ್ರಿ" ಎಂದೆ. "ಚಲೋ ಆತು ಬಿಡ್ರಿ," ಅಂದರು. ಯಾವ ದವಾಖಾನೆ ಎಂದೂ ಕೇಳಿದರು.

ಒಂದು ಮಾತು ಉಳಿದಿದೆ. ಬಸ್ಸು ಭಾಲ್ಕಿ ಮುಟ್ಟುವಾಗ ನೆನಪಾಯಿತು. ಈ ನೆನಪನ್ನೂ ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಕಾದಂಬರಿ ಅಚ್ಚಾದಾಗ ಅಪ್ಪ ಇದ್ದ. ಕಣ್ಣಿಗೆ ಪೊರೆ ಬಂದಿತ್ತು, ಹಾಗಾಗಿ ಹೊಳೆಯ ಭಾಗವನ್ನು ನಾನೇ ಓದಿ ಹೇಳಿದೆ. ಒಂದನೆಯದು, ಎರಡನೆಯದು, ಮೂರನೆಯದು. ಅಪ್ಪ ಗೋಡೆಗೆ ಆನಿಕೊಂಡು ಕೇಳಿದ. ಮುಗಿದ ಮೇಲೆ ಚಹಾ ತರಿಸಿ, ಬಸಿಯಲ್ಲಿ ಆರಿಸಿಕೊಂಡು ಕುಡಿದು, "ಅಂವ ದಾಟ್ಯಾನ," ಎಂದ. ಹೊಳೆ ಇವತ್ತು ತುಂಬಿದೆ, ಎಂದು ಹೇಳುವ ದನಿಯಲ್ಲಿ. ನಾನು ಅದನ್ನು ವಯಸ್ಸಾದವರ ಆಸೆ ಎಂದುಕೊಂಡೆ, ಮೂರನೆಯ ಭಾಗದ ಭಾಷೆ ಹೇಗನಿಸಿತು ಎಂದು ಕೇಳಿದೆ.

ಎಳೆದುಕೊಂಡು ಹೋಗುವಾಗ ಅಪ್ಪ ಹೊರಳಿ ನೋಡಿ ಆಚೆ ದಡದಲ್ಲಿ ಅವರನ್ನು ಕಂಡಿದ್ದನೋ, ವರ್ಷಗಳ ಮೇಲೆ ಯಾರಾದರೂ ಸುದ್ದಿ ತಂದಿದ್ದರೋ, ಬೀದರಿನ ಬಜಾರಿನಲ್ಲಿ ಎಲ್ಲಾದರೂ ದೂರದಿಂದ ನೋಡಿ ಸುಮ್ಮನೆ ತಿರುಗಿ ಬಂದಿದ್ದನೋ. ಅಥವಾ ಏನನ್ನೂ ನೋಡದೆ, ಕೇಳದೆ, ಅವ್ವ ಹೇಳಿದಂತೆ ಸುಮ್ಮನೆ ನಂಬಿದ್ದನೋ. ಗೊತ್ತಿದ್ದರೆ ಭಾಲ್ಕಿಯಿಂದ ಒಂದು ಹೆಜ್ಜೆ ಅತ್ತ ಹೋಗಲಿಲ್ಲ ಯಾಕೆ? ಗೊತ್ತಿಲ್ಲದಿದ್ದರೆ ಅಷ್ಟು ತಣ್ಣಗೆ ಹೇಳಿದ್ದು ಹೇಗೆ?

ನನಗೆ ಗೊತ್ತಿಲ್ಲ.